ನಡತೆ ಕೇಳಬೇಡಿ, ರಕ್ತ ನೋಡಿ

ಮುಂಡರಗಿ ತಾಲೂಕಿನ ಯಾವುದೇ ಊರಿನ ಹೆಣ್ಣುಮಗಳು ಬಸುರಿಯಾಗಿ ಸರಕಾರಿ ಆಸ್ಪತ್ರೆಯಲ್ಲಿ ಹೆಸರು ಹಚ್ಚಿದರೆ, ತಾಯಿ ಕಾರ್ಡಿನ ಜೊತೆಗೇ ಅವಳ ರಕ್ತ ಲ್ಯಾಬಿಗೆ ಹೋಗುತ್ತದೆ. ಹಿಮೋಗ್ಲೋಬಿನ್, ರಕ್ತದ ಗುಂಪು, ಎಚ್‌ಐವಿ, ಸಿಫಿಲಿಸ್. ನೀನು ಎಂಥವಳು, ನಿನ್ನ ಗಂಡ ಎಂಥವನು ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಗೌಡರ ಸೊಸೆಗೂ ಅದೇ ಪರೀಕ್ಷೆ, ಗುಳೆ ಹೋಗಿ ಬಂದವಳಿಗೂ ಅದೇ. ಅವಳ ಮಾವ ಕೆಂಪು ಕಣ್ಣು, ಮಬ್ಬು ನೋಟ ಎಂದು ಅದೇ ಆಸ್ಪತ್ರೆಯ ಇನ್ನೊಂದು ಬಾಗಿಲಿಗೆ ಹೋದಾಗ ಮಾತ್ರ ಸಿಫಿಲಿಸ್ ಪರೀಕ್ಷೆ ಯಾರಿಗೂ ನೆನಪಾಗುವುದಿಲ್ಲ. ನೆನಪಾದರೂ ಬರೆಯಲು ಕೈ ಏಳುವುದಿಲ್ಲ. ‘ಇಂಥಾ ಹಿರ್ಯಾರಿಗೆ ಇದನ್ನ ಹೆಂಗ ಬರೀಲಿ?’

ಈ ಹಿಂಜರಿಕೆಯನ್ನು ನಾವೆಲ್ಲ ಸಭ್ಯತೆ ಎಂದುಕೊಂಡಿದ್ದೇವೆ. ನನ್ನ ತಕರಾರು ಅದರ ಬಗ್ಗೆಯೇ. ವೈದ್ಯರ ಮೇಲೆ ದೂರು ಹೇಳುವ ಉದ್ದೇಶ ನನಗಿಲ್ಲ. ಅವರು ಹಿಂಜರಿಯುವುದು ನಮ್ಮ ಸಲುವಾಗಿಯೇ.

ಲೈಂಗಿಕ ಸಂಪರ್ಕದಿಂದ ಅಂಟುವ ಸಿಫಿಲಿಸ್ ಕಣ್ಣಿಗೂ ಬರುತ್ತದೆ ಎಂಬುದು ಬಹಳ ಜನರಿಗೆ ಹೊಸ ಸುದ್ದಿ. ಟ್ರೆಪೊನೆಮಾ ಪ್ಯಾಲಿಡಮ್ ಎಂಬ, ತಿರುಪಿನಂತೆ ಸುತ್ತಿಕೊಂಡ ಸೂಕ್ಷ್ಮಾಣು ಇದಕ್ಕೆ ಕಾರಣ. 1905ರಲ್ಲಿ ಬರ್ಲಿನ್ನಿನಲ್ಲಿ ಶಾಡಿನ್ ಮತ್ತು ಹಾಫ್‌ಮನ್ ಇದನ್ನು ಮೊದಲು ಕಂಡರು. ಇದು ರಕ್ತದಲ್ಲಿ ಸೇರಿ ಮೈಯೆಲ್ಲ ಓಡಾಡುತ್ತದೆ. ಕಣ್ಣಿನ ಮುಂಭಾಗದ ಪಾಪೆಯ ಪೊರೆಯಿಂದ ಹಿಡಿದು ಹಿಂದಿನ ಅಕ್ಷಿಪಟಲ, ಮಿದುಳಿಗೆ ಹೋಗುವ ದೃಷ್ಟಿನರದವರೆಗೆ ಎಲ್ಲಿ ಬೇಕಾದರೂ ಉರಿಯೂತ ಎಬ್ಬಿಸಬಹುದು. ಕಣ್ಣಿನ ಒಳಗಿನ ಈ ಉರಿಯೂತಕ್ಕೆ ವೈದ್ಯರು ಯುವೈಟಿಸ್ ಎನ್ನುತ್ತಾರೆ. ರೋಗದ ಮೊದಲ ಹಂತ, ಎರಡನೆಯ ಹಂತ, ವರ್ಷಗಟ್ಟಲೆ ಮೌನವಾಗಿದ್ದ ಮೇಲಿನ ಹಂತ, ಯಾವಾಗ ಬೇಕಾದರೂ ಕಣ್ಣು ಹಿಡಿಯಬಹುದು. ಕಣ್ಣೊಂದರಲ್ಲೇ ಕಾಣಿಸಿಕೊಂಡು ಮೈಯಲ್ಲಿ ಬೇರೆ ಗುರುತೇ ಇಲ್ಲದಿರಲೂಬಹುದು.

ಓದಿದವರ ಮೊದಲ ಆಕ್ಷೇಪ ಗೊತ್ತೇ ಇದೆ: ಅದು ಅಜ್ಜನ ಕಾಲದ ರೋಗ, ಪೆನಿಸಿಲಿನ್ ಬಂದ ಮೇಲೆ ಮುಗಿದ ಕಥೆ. ನಮ್ಮ ಕಡೆ ಗರ್ಮಿ ಎನ್ನುತ್ತಿದ್ದ, ಹಳಬರು ಪರಂಗಿ ರೋಗ ಎನ್ನುತ್ತಿದ್ದ, 16ನೆಯ ಶತಮಾನದ ಭಾವಪ್ರಕಾಶದಲ್ಲಿ ಪಾದರಸ ಮತ್ತು ಪರಂಗಿಚಕ್ಕೆಯ ಚಿಕಿತ್ಸೆ ಪಡೆದ ರೋಗ ಈಗೆಲ್ಲಿದೆ? ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರ ಒಂದೇ ವರ್ಷದಲ್ಲಿ 15ರಿಂದ 49 ವಯಸ್ಸಿನ ಸುಮಾರು 80 ಲಕ್ಷ ಜನರಿಗೆ ಇದು ಹೊಸದಾಗಿ ತಗಲಿತು. 2014-15ರಲ್ಲಿ ಅಮೆರಿಕದ ಸಿಯಾಟಲ್, ಸ್ಯಾನ್‌ ಫ್ರಾನ್ಸಿಸ್ಕೊ ಕಡೆ ಕಣ್ಣಿನ ಸಿಫಿಲಿಸ್ ಒಟ್ಟೊಟ್ಟಿಗೆ ಕಾಣಿಸಿಕೊಂಡು, ಅಲ್ಲಿನ ಸರಕಾರ ವೈದ್ಯರಿಗೆಲ್ಲ ಎಚ್ಚರಿಕೆ ಹೊರಡಿಸಬೇಕಾಯಿತು. 2022ರಲ್ಲಿ ಮಿಷಿಗನ್ ರಾಜ್ಯದಲ್ಲಿ ಐದು ಮಂದಿ ಹೆಂಗಸರಿಗೆ ಕಣ್ಣಿನ ಸಿಫಿಲಿಸ್ ಆಗಿತ್ತು. ವಿಚಾರಿಸಿದಾಗ ಐವರಿಗೂ ಸಂಬಂಧವಿದ್ದ ಗಂಡಸು ಒಬ್ಬನೇ. ಐವರೂ ನಲವತ್ತು ದಾಟಿದವರು, ಯಾರಿಗೂ ಎಚ್‌ಐವಿ ಇರಲಿಲ್ಲ. ‘ಅಂಥವರಿಗೆ’ ಮಾತ್ರ ಬರುವ ರೋಗ ಎಂಬ ನಮ್ಮ ಮನಸ್ಸಿನ ಚಿತ್ರಕ್ಕೆ ಅವರಲ್ಲಿ ಒಬ್ಬರೂ ಹೊಂದುವುದಿಲ್ಲ.

ಎರಡನೆಯ ಆಕ್ಷೇಪ ನನ್ನ ವಿಚಾರವಾದಿ ಗೆಳೆಯರದು. ಜನ ತಡಮಾಡಿ ಕಣ್ಣು ಕಳೆದುಕೊಂಡರೆ ಅದಕ್ಕೆ ಮೌಢ್ಯವೇ ಕಾರಣ ಎನ್ನುತ್ತಾರೆ ಇವರು. ಕಪ್ಪತಗುಡ್ಡದ ಸೊಪ್ಪು ಅರೆದು ರಸ ಹಿಂಡುತ್ತಾರೆ, ಬಾಣಂತಿಯ ಎದೆಹಾಲು ಬಿಡುತ್ತಾರೆ, ದೃಷ್ಟಿ ತೆಗೆಸುತ್ತಾರೆ, ಎಲ್ಲ ಮುಗಿದ ಮೇಲೆ ದವಾಖಾನೆ ನೆನಪಾಗುತ್ತದೆ. ಇದರಲ್ಲಿ ಸತ್ಯಾಂಶ ಇಲ್ಲವೆಂದಲ್ಲ. ಆದರೆ ಈ ರೋಗದ ಮಟ್ಟಿಗೆ ಬೈಗುಳ ತಪ್ಪು ವಿಳಾಸಕ್ಕೆ ಹೋಗುತ್ತಿದೆ ಅನ್ನಿಸುತ್ತದೆ.

ಒಬ್ಬರನ್ನು ಊಹಿಸಿಕೊಳ್ಳೋಣ. ಹಮ್ಮಿಗಿ ಕಡೆಯ ರೈತ, ವಯಸ್ಸು ಐವತ್ತೆಂಟು, ಊರಲ್ಲಿ ನಾಲ್ಕು ಜನ ಮಾತು ಕೇಳುವ ಮನುಷ್ಯ. ವಾರದೊಳಗೇ ಮುಂಡರಗಿಗೆ ಬಂದು ಕೂತಿದ್ದಾನೆ.

‘ಡಾಕ್ಟರ್ ಸಾಹೇಬ್ರ, ಬಲಗಣ್ಣು ಮಬ್ಬ ಆಗೇತ್ರಿ. ಬಿಸಲಾಗ ಕಣ್ಣ ಬಿಡಾಕ ಆಗವಲ್ದು.’

‘ಏನರ ಬಡದಿತ್ತೇನ್ರಿ ಯಜಮಾನ್ರ? ಶುಗರ್ ಐತೇನು?’

‘ಇಲ್ರಿ, ಏನೂ ಇಲ್ರಿ.’

ಅಲ್ಲಿಗೆ ವಿಚಾರಣೆ ಮುಗಿಯಿತು. ಸ್ಟಿರಾಯ್ಡ್ ಹನಿ, ಪಾಪೆ ಹಿಗ್ಗಿಸುವ ಹನಿ, ನೋವಿನ ಗುಳಿಗೆ. ಐದಾರು ದಿನದಲ್ಲಿ ಕೆಂಪು ಇಳಿಯಿತು. ಡಾಕ್ಟರಿಗೂ ಸಮಾಧಾನ, ರೋಗಿಗೂ ಸಮಾಧಾನ. ಸ್ಟಿರಾಯ್ಡ್ ಮಾಡುವ ಕೆಲಸವೇ ಅದು: ಉರಿಯೂತದ ಸದ್ದು ಅಡಗಿಸುತ್ತದೆ, ಒಳಗಿನ ಸೂಕ್ಷ್ಮಾಣುವಿಗೆ ಏನೂ ಮಾಡುವುದಿಲ್ಲ. ಪೆನಿಸಿಲಿನ್ ಇಲ್ಲದೆ ಸ್ಟಿರಾಯ್ಡ್ ಒಂದನ್ನೇ ಕೊಟ್ಟರೆ ರೋಗ ಇನ್ನಷ್ಟು ಬಲಿಯಬಹುದು. ಎರಡು ತಿಂಗಳಿಗೆ ಎರಡೂ ಕಣ್ಣು ಮಬ್ಬು. ಗದಗಿಗೆ ನಲವತ್ತು ಕಿಲೋಮೀಟರಿನಷ್ಟು ದಾರಿ. ಅಲ್ಲಿ ಸ್ಲಿಟ್ ಲ್ಯಾಂಪ್ ಮುಂದೆ ಗದ್ದ ಊರಿಸಿ ಕೂರಿಸುತ್ತಾರೆ. ಸಣ್ಣ ಸೀಳಿನಂಥ ಬೆಳಕು ಕಣ್ಣಿನೊಳಗೆ ಬಿದ್ದಾಗ, ತಿಳಿಯಾಗಿರಬೇಕಾದ ದ್ರವದಲ್ಲಿ ಬಿಳಿ ರಕ್ತಕಣಗಳು ತೇಲುತ್ತಿರುವುದು, ಕಾರ್ನಿಯಾದ ಹಿಂಬದಿಗೆ ಚುಕ್ಕೆಚುಕ್ಕೆಯಾಗಿ ಅಂಟಿರುವುದು ಕಾಣುತ್ತದೆ. ಯುವೈಟಿಸ್ ಎಂದು ಪಕ್ಕಾ ಆಯಿತು. ಮುಂದೆ? ನಮ್ಮ ದೇಶದಲ್ಲಿ ಮೊದಲ ಅನುಮಾನ ಟಿಬಿಯ ಮೇಲೆ. ಅದರ ಪರೀಕ್ಷೆಗೆಂದು ಕೈಗೆ ಚುಚ್ಚಿದ ಮ್ಯಾಂಟೂ ಉಬ್ಬುತ್ತದೆ. ನಮ್ಮಲ್ಲಿ ಎಷ್ಟು ಜನರ ಕೈಗೆ ಅದು ಉಬ್ಬುವುದಿಲ್ಲ ಹೇಳಿ. ಟಿಬಿ ಗುಳಿಗೆ ಶುರುವಾಗಿ ತಿಂಗಳುಗಳು ಕಳೆಯುತ್ತವೆ. ಕೊನೆಗೆ ಹುಬ್ಬಳ್ಳಿ ಬಸ್ಸು ಹತ್ತಿ ದೊಡ್ಡ ಆಸ್ಪತ್ರೆಗೆ ಹೋದಾಗ ಯಾರೋ ಒಬ್ಬ ಕಿರಿಯ ವೈದ್ಯೆ ಪಟ್ಟಿಯಲ್ಲಿದ್ದ ಎಲ್ಲ ಪರೀಕ್ಷೆಗೂ ಟಿಕ್ ಹಾಕುತ್ತಾಳೆ. ಅದರಲ್ಲಿ ಇದೂ ಒಂದು. ಅಷ್ಟರಲ್ಲಿ ದೃಷ್ಟಿನರ ಬಿಳಿಚಿಕೊಂಡಿರುತ್ತದೆ. ಉರಿಯೂತ ಇಳಿಸಬಹುದು, ಸತ್ತ ನರವನ್ನು ಎಬ್ಬಿಸಲು ಆಗದು.

ಇದರಲ್ಲಿ ಸೊಪ್ಪಿನ ರಸ ಎಲ್ಲಿತ್ತು? ಮನುಷ್ಯ ಬಂದದ್ದು ಸಮಯಕ್ಕೇ. ತಡವಾದದ್ದು ಅವನು ಆಸ್ಪತ್ರೆಯ ಬಾಗಿಲು ದಾಟಿದ ಮೇಲೆ.

ಕಣ್ಣಿನ ವೈದ್ಯಶಾಸ್ತ್ರದಲ್ಲಿ ಒಂದು ರೂಢಿಯ ನಿಯಮವಿದೆ. ಯುವೈಟಿಸ್ ಮೊದಲ ಸಲ ಬಂದಿದೆ, ಒಂದೇ ಕಣ್ಣಿಗಿದೆ, ಮುಂಭಾಗದಲ್ಲಷ್ಟೇ ಇದೆ, ಸೌಮ್ಯವಾಗಿದೆ ಎಂದರೆ ಕಾರಣ ಹುಡುಕುತ್ತ ಕೂರಬೇಕಿಲ್ಲ. ಹನಿ ಕೊಟ್ಟು ಕಾದು ನೋಡಿ. ನಿಯಮದ ಹಿಂದೆ ವಿವೇಕವಿದೆ, ಏಕೆಂದರೆ ಅಂಥ ಬಹಳ ಪ್ರಕರಣಗಳಲ್ಲಿ ಕಾರಣ ಸಿಗುವುದೇ ಇಲ್ಲ, ಬಡವನ ದುಡ್ಡು ಲ್ಯಾಬಿಗೆ ಸುರಿದಂತಾಗುತ್ತದೆ. ಆದರೆ ಸಿಫಿಲಿಸ್ ಪರೀಕ್ಷೆಯನ್ನು ಈ ವಿನಾಯಿತಿಯಿಂದ ಹೊರಗಿಡಬೇಕು ಎಂಬುದು ನನ್ನ ವಾದ. ಯುವೈಟಿಸ್ ತಜ್ಞರಲ್ಲಿಯೂ ಹಲವರ ಅಭಿಪ್ರಾಯ ಇದೇ. ಉಳಿದ ಕಾರಣಗಳಲ್ಲಿ ಬಹುಪಾಲು ಪತ್ತೆಯಾದರೂ ಜೀವಮಾನವಿಡೀ ನಿಭಾಯಿಸಬೇಕಾದಂಥವು. ಸಿಫಿಲಿಸ್ ಮಾತ್ರ ಎರಡು ವಾರದ ಚಿಕಿತ್ಸೆಯಲ್ಲಿ ಗುಣವಾಗುವಂಥದ್ದು. ಕೀಲುವಾತದ ಅನುಮಾನಕ್ಕೆ ಎಚ್‌ಎಲ್‌ಎ-ಬಿ27 ಎಂಬ ದುಬಾರಿ ಪರೀಕ್ಷೆಯನ್ನು ಯಾವ ಸಂಕೋಚವೂ ಇಲ್ಲದೆ ವೈದ್ಯರು ಬರೆಯುತ್ತಾರೆ. ಅದರ ಮುಂದೆ ಸಿಫಿಲಿಸ್ ರಕ್ತಪರೀಕ್ಷೆಯಾದ ವಿಡಿಆರ್‌ಎಲ್‌ನ ಖರ್ಚು ಏನೇನೂ ಅಲ್ಲ, ಸರಕಾರಿ ಲ್ಯಾಬಿನಲ್ಲಿ ಬಸುರಿಯರಿಗಾಗಿ ದಿನವೂ ನಡೆಯುವ ಕೆಲಸ ಅದು. ಹಾಗಾದರೆ ಬರೆಯಲು ಅಡ್ಡಿ ದುಡ್ಡಿನದಲ್ಲ.

‘ಮೊದಲು ರೋಗಿಯ ಚರಿತ್ರೆ ಕೇಳಬೇಕು, ಅನುಮಾನ ಬಂದರೆ ಪರೀಕ್ಷೆ ಮಾಡಬೇಕು. ಅದೇ ವೈದ್ಯಧರ್ಮ’ ಎಂದು ಹಿರಿಯ ವೈದ್ಯರು ಹೇಳುವುದುಂಟು. ಬೇರೆ ರೋಗಗಳಿಗೆ ಈ ಮಾತು ಸೋಳಾಣೆ ಸತ್ಯ. ಇಲ್ಲಿ ಚರಿತ್ರೆ ಕೇಳಿ ಸಿಗುವುದೇನು? ಸಿಫಿಲಿಸ್‌ನ ಮೊದಲ ಹುಣ್ಣು ನೋಯುವುದಿಲ್ಲ. ಮೂರರಿಂದ ಆರು ವಾರದಲ್ಲಿ ಔಷಧಿಯಿಲ್ಲದೆ ತಾನೇ ಮಾಯುತ್ತದೆ. ಹೆಂಗಸರಲ್ಲಿ ಅದು ಒಳಗೆ, ಕಾಣದ ಕಡೆ ಇರಬಹುದು. ಎರಡನೆಯ ಹಂತದ ದದ್ದು ಅಂಗೈ ಅಂಗಾಲಿಗೆ ಬಂದು ಹೋಗುತ್ತದೆ. ಹೊಲದ ಕೆಲಸದವನು ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಆಮೇಲೆ ವರ್ಷಗಟ್ಟಲೆ ಏನೂ ಇಲ್ಲ. ಹೀಗಿರುವಾಗ ‘ಇಲ್ರಿ, ಏನೂ ಇಲ್ರಿ’ ಎಂದವನು ಸುಳ್ಳು ಹೇಳುತ್ತಿರುವುದಿಲ್ಲ. ಅವನಿಗೆ ನಿಜಕ್ಕೂ ಗೊತ್ತಿಲ್ಲ. ಹೆಂಡತಿಗೆ ಗಂಡನಿಂದ ಬಂದಿದ್ದರೆ ಅವಳ ‘ನಡತೆ’ ವಿಚಾರಿಸಿ ಏನು ಪ್ರಯೋಜನ? ತಾಯಿಯ ಹೊಟ್ಟೆಯಲ್ಲಿದ್ದಾಗಲೇ ತಗಲಿಸಿಕೊಂಡ ಮಗುವಿಗೆ ಐದು ವರ್ಷವೋ ಹದಿನೈದು ವರ್ಷವೋ ಆದಾಗ ಕಾರ್ನಿಯಾ ಮಂಜಾಗುವುದಿದೆ. ಆ ಮಗುವಿನ ಚರಿತ್ರೆ ಹೇಗೆ ಕೇಳುತ್ತೀರಿ? ಪ್ರಶ್ನೆ ಕೇಳಿದರೆ ರೋಗಿಗೆ ಅವಮಾನ, ವೈದ್ಯನಿಗೆ ಮುಜುಗರ. ಸಿಗುವ ಉತ್ತರವನ್ನು ನಂಬುವಂತಿಲ್ಲ. ಇಂಥ ಪ್ರಶ್ನೆಯನ್ನು ಬಿಟ್ಟು ಎಲ್ಲರ ರಕ್ತವನ್ನೂ ನೋಡುವುದೇ ಹೆಚ್ಚು ಮರ್ಯಾದೆಯ ದಾರಿ. ಎಲ್ಲರಿಗೂ ಮಾಡುವ ಪರೀಕ್ಷೆಯಲ್ಲಿ ಯಾರ ಮೇಲೂ ಆರೋಪ ಇರುವುದಿಲ್ಲ.

ಇದಕ್ಕೆ ಗಟ್ಟಿಯಾದ ಪ್ರತಿವಾದವೊಂದಿದೆ. ರೋಗ ವಿರಳವಾಗಿರುವಲ್ಲಿ ಎಲ್ಲರನ್ನೂ ಪರೀಕ್ಷಿಸಿದರೆ ಸುಳ್ಳು ಪಾಸಿಟಿವ್‌ಗಳೇ ಹೆಚ್ಚುತ್ತವೆ, ನಿರಪರಾಧಿಯ ಮನೆ ಮುರಿಯುತ್ತದೆ. ಇದನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಲೆಕ್ಕಕ್ಕಾಗಿ 200 ಯುವೈಟಿಸ್ ರೋಗಿಗಳಿದ್ದಾರೆ, ಅವರಲ್ಲಿ 6 ಮಂದಿಗೆ ಸಿಫಿಲಿಸ್ ಇದೆ ಎಂದಿಟ್ಟುಕೊಳ್ಳೋಣ. ಪರೀಕ್ಷೆ ನೂರಕ್ಕೆ ಎರಡು ಸಲ ಸುಳ್ಳು ಹೇಳುತ್ತದೆ ಎನ್ನೋಣ. ಉಳಿದ 194ರಲ್ಲಿ ನಾಲ್ವರಿಗೆ ಇಲ್ಲದ ರೋಗ ಇದೆ ಎಂದು ಬರುತ್ತದೆ. ಹತ್ತು ಪಾಸಿಟಿವ್‌ನಲ್ಲಿ ನಾಲ್ಕು ತಪ್ಪು! ಹೌದು, ಒಂದೇ ಪರೀಕ್ಷೆಗೆ ನಿಂತರೆ ಇದು ಅನ್ಯಾಯವೇ. ಆದ್ದರಿಂದಲೇ ಪರೀಕ್ಷೆ ಎರಡು ಬಗೆ. ವಿಡಿಆರ್‌ಎಲ್ ಅಥವಾ ಆರ್‌ಪಿಆರ್ ನೋಡುವುದು ರೋಗದಿಂದ ಹಾಳಾದ ಜೀವಕೋಶಗಳ ಕೊಬ್ಬಿನ ವಿರುದ್ಧ ದೇಹ ಹುಟ್ಟಿಸಿದ ಪ್ರತಿಕಾಯವನ್ನು. ಕುಷ್ಠ, ಮಲೇರಿಯಾ, ಲೂಪಸ್, ಗರ್ಭ ಇವೂ ಅದನ್ನು ಮೋಸಗೊಳಿಸಬಲ್ಲವು. ಟಿಪಿಎಚ್‌ಎ ನೋಡುವುದು ಆ ಸೂಕ್ಷ್ಮಾಣುವಿನ ವಿರುದ್ಧದ ಪ್ರತಿಕಾಯವನ್ನೇ. ಎರಡನ್ನೂ ಜೊತೆಗಿಟ್ಟು ಓದಿದರೆ ಆ ನಾಲ್ವರು ಹೆಚ್ಚುಕಡಿಮೆ ಪಾರಾಗುತ್ತಾರೆ. ಎರಡೂ ಬರುವವರೆಗೆ ರೋಗಿಗೆ ಏನೂ ಹೇಳದಿದ್ದರಾಯಿತು.

ಪ್ರತಿವಾದಿಗಳು ಇನ್ನೊಂದು ತಪ್ಪನ್ನು ಎತ್ತುವುದೇ ಇಲ್ಲ. ಅದು ಸುಳ್ಳು ನೆಗೆಟಿವ್. ಲ್ಯಾಬಿನ ಮೇಜಿನ ಬಳಿ ನಿಂತು ನೋಡಿದರೆ ಇದು ಅರ್ಥವಾಗುತ್ತದೆ. ಉಂಗುರ ಕೊರೆದ ಗಾಜಿನ ಪಟ್ಟಿಯ ಮೇಲೆ, ಅರ್ಧ ಗಂಟೆ 56 ಡಿಗ್ರಿಯಲ್ಲಿ ಬಿಸಿ ಮಾಡಿದ ಸೀರಮ್ಮಿನ ಹನಿ, ಅದಕ್ಕೆ ಆಂಟಿಜೆನ್ನಿನ ಒಂದು ಹನಿ. ತಿರುಗುವ ಯಂತ್ರದ ಮೇಲೆ ನಿಮಿಷಕ್ಕೆ 180 ಸುತ್ತಿನಂತೆ ನಾಲ್ಕು ನಿಮಿಷ. ಆಮೇಲೆ ಸೂಕ್ಷ್ಮದರ್ಶಕದ ಕೆಳಗೆ ನೋಡಿದರೆ ರೋಗವಿದ್ದವನ ಹನಿ ಹಾಲು ಒಡೆದಂತೆ ಗಂಟುಗಂಟಾಗಿರುತ್ತದೆ, ಇಲ್ಲದವನದು ನುಣ್ಣಗಿರುತ್ತದೆ. ಆದರೆ ಪ್ರತಿಕಾಯ ವಿಪರೀತ ಇದ್ದಾಗ, ಅಂದರೆ ರೋಗ ಜೋರಾಗಿದ್ದಾಗಲೇ, ಹನಿ ನುಣ್ಣಗೆ ಉಳಿದುಬಿಡುವುದುಂಟು. ಸೀರಮ್ಮನ್ನು ಎರಡು ಪಟ್ಟು, ನಾಲ್ಕು ಪಟ್ಟು, ಎಂಟು ಪಟ್ಟು ತೆಳ್ಳಗೆ ಮಾಡಿ ನೋಡಿದಾಗ ಗಂಟು ಎದ್ದು ಕಾಣುತ್ತದೆ. ತೆಳ್ಳಗೆ ಮಾಡಿ ನೋಡಲು ಹೇಳಬೇಕಾದವರು ಕಣ್ಣಿನ ಡಾಕ್ಟರು. ಹೇಳದಿದ್ದರೆ ಕೆಲಸದ ಒತ್ತಡದಲ್ಲಿರುವ ಟೆಕ್ನಿಶಿಯನ್ ಒಂದೇ ಹನಿಗೆ ನೆಗೆಟಿವ್ ಬರೆದು ಮುಂದೆ ಹೋಗುತ್ತಾನೆ. ಇತ್ತ ಬಹಳ ಹಳೆಯ ರೋಗದಲ್ಲಿ ವಿಡಿಆರ್‌ಎಲ್ ತಾನಾಗಿಯೇ ನೆಗೆಟಿವ್ ಆಗಿರಲೂಬಹುದು. ಆಗಲೂ ಟಿಪಿಎಚ್‌ಎ ಹಿಡಿದುಕೊಡುತ್ತದೆ. ಹೀಗಾಗಿ ಕಣ್ಣಿನ ರೋಗಿಗೆ ಎರಡನ್ನೂ ಒಟ್ಟಿಗೆ ಬರೆಯುವುದು, ಜೊತೆಗೆ ಎಚ್‌ಐವಿ ನೋಡುವುದು ಸರಿ.

ನಮ್ಮ ಜಿಲ್ಲೆಯ ಬಗ್ಗೆ ಇಲ್ಲಿ ಒಂದು ಮಾತು. ಕಣ್ಣಿಲ್ಲದವರನ್ನು ಗದುಗಿನಷ್ಟು ತಲೆಯ ಮೇಲೆ ಹೊತ್ತ ಊರು ಕಡಿಮೆ. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು, ವೀರೇಶ್ವರ ಪುಣ್ಯಾಶ್ರಮ. ಅಂಧತ್ವದ ಜೊತೆ ಬದುಕುವುದನ್ನು ನಾವು ಚೆನ್ನಾಗಿ ಕಲಿತಿದ್ದೇವೆ. ಅದರ ಪಕ್ಕದಲ್ಲೇ ಇನ್ನೊಂದು ಬಳುವಳಿ ಇದೆ: ಬೀಳಗಿಯ ಡಾ. ಎಂ.ಸಿ. ಮೋದಿ ಅವರು ಬೆಳೆಸಿದ ನೇತ್ರ ಶಿಬಿರಗಳ ಪರಂಪರೆ. ಸಾವಿರಾರು ಜನರ ಪೊರೆ ತೆಗೆದ ಆ ಶಿಬಿರಗಳ ಉಪಕಾರ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಶಿಬಿರಗಳು ನಮಗೊಂದು ಅಭ್ಯಾಸವನ್ನೂ ಕಲಿಸಿದವು. ವಯಸ್ಸಾದವರ ಕಣ್ಣು ಮಬ್ಬಾಯಿತೆಂದರೆ ಪೊರೆ, ಪೊರೆಯೆಂದರೆ ಮುಂದಿನ ಕ್ಯಾಂಪಿನವರೆಗೆ ಕಾಯಿರಿ. ಪೊರೆ ಕಾಯುತ್ತದೆ. ಯುವೈಟಿಸ್ ಕಾಯುವುದಿಲ್ಲ. ಯುವೈಟಿಸ್‌ನಿಂದಲೂ, ಅದಕ್ಕೆ ಹಾಕಿದ ಸ್ಟಿರಾಯ್ಡ್‌ನಿಂದಲೂ ಪೊರೆ ಬರುತ್ತದೆ. ಒಳಗೆ ಉರಿಯೂತ ಇರುವಾಗಲೇ ಆ ಪೊರೆಗೆ ಕೈ ಹಚ್ಚಿದರೆ ಕಣ್ಣು ಇನ್ನೂ ಕೆಡುತ್ತದೆ. ನೋವು, ಕೆಂಪು, ಬೆಳಕು ತಡೆಯಲಾಗದಿರುವುದು, ಕಣ್ಣ ಮುಂದೆ ನೊಣ ಹಾರಾಡಿದಂತಾಗುವುದು ಇದ್ದರೆ ಅದು ಶಿಬಿರದ ಕೇಸಲ್ಲ ಎಂದು ಹಳ್ಳಿಯ ಆಶಾ ಕಾರ್ಯಕರ್ತೆಗೆ ತಿಳಿದಿದ್ದರೆ ಸಾಕು. ಬಸ್‌ಸ್ಟ್ಯಾಂಡ್ ಗೋಡೆಯ ಮೇಲೆ ‘ಗುಪ್ತರೋಗ’ ಎಂದು ಬರೆಸುವ ಜಾಗೃತಿ ಅಭಿಯಾನಗಳ ಮೇಲೆ ನನಗೆ ಅಷ್ಟು ವಿಶ್ವಾಸವಿಲ್ಲ. ಆ ಗೋಡೆ ಓದಿದವನು ಇನ್ನಷ್ಟು ಬಚ್ಚಿಡುತ್ತಾನೆ.

ಈಗ ಚಿಕಿತ್ಸೆ. ಇಲ್ಲಿಯೂ ಒಂದು ಅರ್ಧ ಜ್ಞಾನ ಓಡಾಡುತ್ತದೆ: ಸಿಫಿಲಿಸ್ ತಾನೇ, ಸೊಂಟಕ್ಕೆ ಒಂದು ದೊಡ್ಡ ಸೂಜಿ ಮಾಡಿದರೆ ಆಯಿತು. ಬೆಂಜಥೀನ್ ಪೆನಿಸಿಲಿನ್ 24 ಲಕ್ಷ ಯೂನಿಟ್, ಲೈಂಗಿಕ ರೋಗಗಳ ಸರಕಾರಿ ಸುರಕ್ಷಾ ಕ್ಲಿನಿಕ್ಕಿನಲ್ಲಿ ಕೊಡುವುದು ಅದನ್ನೇ. ಹೃದಯದ ಕವಾಟದ ತೊಂದರೆ ಇರುವ ಮಕ್ಕಳಿಗೆ 21 ದಿನಕ್ಕೊಮ್ಮೆ ಹಾಕಿಸುವ ಪೆನಿಡ್ಯೂರ್ ಇದರದೇ ಜಾತಿ. ಆರಂಭದ ಸಿಫಿಲಿಸ್‌ಗೆ ಅದು ಸಾಕು. ಕಣ್ಣಿಗೆ ಸಾಲದು. ಸ್ನಾಯುವಿನಿಂದ ನಿಧಾನವಾಗಿ ಇಳಿಯುವ ಆ ಔಷಧಿ ಕಣ್ಣಿನೊಳಗೆ, ಮಿದುಳಿನ ದ್ರವದೊಳಗೆ ಸೂಕ್ಷ್ಮಾಣುವನ್ನು ಕೊಲ್ಲುವಷ್ಟು ತಲುಪುವುದಿಲ್ಲ. ಕಣ್ಣಿನ ಸಿಫಿಲಿಸ್‌ಗೆ ನರಮಂಡಲದ ಸಿಫಿಲಿಸ್‌ನ ಚಿಕಿತ್ಸೆಯೇ ಬೇಕು: ರಕ್ತನಾಳಕ್ಕೆ ನೇರವಾಗಿ ಕ್ರಿಸ್ಟಲೈನ್ ಪೆನಿಸಿಲಿನ್, ದಿನಕ್ಕೆ 180ರಿಂದ 240 ಲಕ್ಷ ಯೂನಿಟ್, ನಾಲ್ಕು ತಾಸಿಗೊಮ್ಮೆ ಹಂಚಿ, 10ರಿಂದ 14 ದಿನ. 10 ಲಕ್ಷದ ಬಾಟಲಿಯ ಲೆಕ್ಕದಲ್ಲಿ ಪೂರ್ಣ ಪ್ರಮಾಣಕ್ಕೆ ಪ್ರತಿ ಸಲ ನಾಲ್ಕು ಬಾಟಲಿ, ದಿನಕ್ಕೆ 24, ಹದಿನಾಲ್ಕು ದಿನಕ್ಕೆ 336. ರಾತ್ರಿ ಎರಡು ಗಂಟೆಯ ಡೋಸನ್ನೂ ತಪ್ಪಿಸುವಂತಿಲ್ಲ. ಮೊದಲ ದಿನ ಚಳಿಜ್ವರ ಬಂದರೆ ಹೆದರಬೇಕಿಲ್ಲ. ಸೂಕ್ಷ್ಮಾಣುಗಳು ಒಟ್ಟಿಗೇ ಸಾಯುವಾಗ ಹಾಗಾಗುತ್ತದೆ. ಅದನ್ನೇ ಅಲರ್ಜಿ ಎಂದು ತಿಳಿದು ಪೆನಿಸಿಲಿನ್ ನಿಲ್ಲಿಸಿದರೆ ಎಲ್ಲ ಕೆಟ್ಟಂತೆ. ಬೇಕಿದ್ದರೆ ಸ್ಟಿರಾಯ್ಡನ್ನು ಪೆನಿಸಿಲಿನ್ ಜೊತೆಗೆ ಸೇರಿಸಬಹುದು.

ರೋಗ ನರಮಂಡಲಕ್ಕೂ ತಲುಪಿದೆಯೇ ಎಂದು ನೋಡಲು ಬೆನ್ನಿನ ನೀರು ತೆಗೆಯುತ್ತಾರೆ ಎಂದರೆ ನಮ್ಮ ಜನ ಆಸ್ಪತ್ರೆಯಿಂದಲೇ ಓಡುತ್ತಾರೆ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ 2021ರ ಮಾರ್ಗಸೂಚಿ ಇಲ್ಲಿ ಸ್ವಲ್ಪ ಹಗುರ ಮಾಡಿದೆ. ಕಣ್ಣಿನ ಪರೀಕ್ಷೆಯಲ್ಲಿ ತೊಂದರೆ ಖಚಿತವಾಗಿದ್ದು, ರಕ್ತ ಪಾಸಿಟಿವ್ ಇದ್ದು, ಮುಖದ ನರಗಳ ದೌರ್ಬಲ್ಯದಂಥ ಬೇರೆ ನರದ ಲಕ್ಷಣ ಇಲ್ಲದಿದ್ದರೆ ಬೆನ್ನಿನ ನೀರು ತೆಗೆಯದೆಯೇ ಚಿಕಿತ್ಸೆ ಶುರು ಮಾಡಬಹುದು. ಆ ಭಯಕ್ಕಾಗಿ ದಿನ ತಳ್ಳುವ ಕಾರಣವಿಲ್ಲ.

ಹದಿನಾಲ್ಕು ದಿನ ಮಲಗುವುದು ಬಿತ್ತನೆಯ ಸಮಯದಲ್ಲಿ ಸಾಧ್ಯವೇ? ಇಲ್ಲಿ ನನ್ನ ಒಲವು ಪಠ್ಯಪುಸ್ತಕಕ್ಕಿಂತ ರೋಗಿಯ ಕಡೆಗೆ ವಾಲುತ್ತದೆ. ದಿನಕ್ಕೊಂದು ಸಲ ಕೊಡುವ ಸೆಫ್ಟ್ರಿಯಾಕ್ಸೋನ್, 1ರಿಂದ 2 ಗ್ರಾಂ, 10ರಿಂದ 14 ದಿನ, ಪರ್ಯಾಯವೆಂದು ಮಾರ್ಗಸೂಚಿಗಳಲ್ಲೇ ಇದೆ. ಪೆನಿಸಿಲಿನ್‌ನಷ್ಟು ಪುರಾವೆ ಅದರ ಹಿಂದಿಲ್ಲ ನಿಜ. ಆದರೂ ನರಮಂಡಲದ ಸಿಫಿಲಿಸ್‌ನಲ್ಲಿ ಎರಡರ ಫಲಿತಾಂಶವೂ ಸಮವಾಗಿತ್ತೆಂದು ಫ್ರಾನ್ಸಿನ ಆಸ್ಪತ್ರೆಗಳ ದಾಖಲೆ ನೋಡಿದ 2021ರ ಅಧ್ಯಯನ ಹೇಳಿತು. ಗದಗಿನ ಸರಕಾರಿ ವೈದ್ಯಕೀಯ ಸಂಸ್ಥೆ ಜಿಮ್ಸ್‌ನಲ್ಲೋ ಹುಬ್ಬಳ್ಳಿಯಲ್ಲೋ ತಜ್ಞರು ಶುರು ಮಾಡಿ, ಅವರ ಒಪ್ಪಿಗೆಯಿಂದ ಉಳಿದ ದಿನಗಳ ಸೂಜಿಯನ್ನು ಶಿರಹಟ್ಟಿ, ಲಕ್ಷ್ಮೇಶ್ವರದ ತಾಲೂಕು ಆಸ್ಪತ್ರೆಯಲ್ಲಿ ಹಾಕಿಸಿಕೊಳ್ಳುವುದು ಐದನೆಯ ದಿನಕ್ಕೆ ಹೇಳದೆ ಮನೆಗೆ ಹೋಗುವುದಕ್ಕಿಂತ ಎಷ್ಟೋ ಮೇಲು. ಯಾವುದು ಯಾರಿಗೆ ಎಂಬುದನ್ನು ನಿರ್ಧರಿಸಬೇಕಾದವರು ತಜ್ಞರೇ.

ಹೆಂಡತಿಗೆ ಹೇಳುವ ಪ್ರಶ್ನೆ ಉಳಿಯಿತು. ರೋಗಿಗೆ ಒಬ್ಬನನ್ನೇ ಕೂರಿಸಿ ಹೇಳಬೇಕು. ಹೆಂಡತಿಯ ರಕ್ತವನ್ನೂ ನೋಡಬೇಕು, ಅದನ್ನು ತಪ್ಪಿಸಲಾಗದು. ರೋಗ ಯಾವಾಗ ಬಂತು, ಯಾರಿಂದ ಬಂತು ಎಂದು ಈ ಪರೀಕ್ಷೆಗಳು ಹೇಳಲಾರವು. ಮದುವೆಗೆ ಮೊದಲಿನದೋ, ಮೂವತ್ತು ವರ್ಷದ ಹಿಂದಿನದೋ, ಗೊತ್ತಾಗುವುದಿಲ್ಲ. ಲೈಂಗಿಕವಾಗಿ ಇನ್ನೊಬ್ಬರಿಗೆ ಅಂಟುವುದು ಮುಖ್ಯವಾಗಿ ಮೊದಲ ಒಂದೆರಡು ವರ್ಷ. ಇಷ್ಟನ್ನು ವೈದ್ಯರು ಬಿಡಿಸಿ ಹೇಳಿದರೆ ಬಹಳಷ್ಟು ಜಗಳ ಆಸ್ಪತ್ರೆಯ ಕೋಣೆಯಲ್ಲೇ ತಣ್ಣಗಾಗುತ್ತದೆ.

ಗುಣವಾದ ಮೇಲೆ ಜೋಪಾನ ಮಾಡಬೇಕಾದ್ದು ಕಾಗದ. ಟಿಪಿಎಚ್‌ಎ ಸಾಮಾನ್ಯವಾಗಿ ಜೀವಮಾನವಿಡೀ ಪಾಸಿಟಿವ್ ಆಗಿಯೇ ಉಳಿಯುತ್ತದೆ. ಹತ್ತು ವರ್ಷದ ನಂತರ ಪೊರೆ ಆಪರೇಷನ್ನಿಗೋ, ಮಗನ ಜೊತೆ ಸೌದಿಗೆ ಹೋಗುವ ಮೆಡಿಕಲ್‌ಗೋ ರಕ್ತ ಕೊಟ್ಟಾಗ ಅದು ಮತ್ತೆ ಎದ್ದು ಬರುತ್ತದೆ. ರೋಗ ವಾಸಿಯಾದದ್ದಕ್ಕೆ ಸಾಕ್ಷಿ ಹೇಳುವುದು ಆರ್‌ಪಿಆರ್ ಅಂಕಿ, ಅಂದರೆ ಸೀರಮ್ಮನ್ನು ಎಷ್ಟು ಪಟ್ಟು ತೆಳ್ಳಗೆ ಮಾಡಿದರೂ ಪರೀಕ್ಷೆ ಪಾಸಿಟಿವ್ ಬರುತ್ತದೆ ಎಂಬುದು. ಚಿಕಿತ್ಸೆಗೆ ಮೊದಲು 1:64 ಇದ್ದದ್ದು ಆಮೇಲೆ 1:16ಕ್ಕೋ ಅದಕ್ಕೂ ಕೆಳಗೋ ಇಳಿದಿದ್ದರೆ, ಅಂದರೆ ನಾಲ್ಕು ಪಟ್ಟು ಇಳಿದಿದ್ದರೆ, ಔಷಧಿ ಕೆಲಸ ಮಾಡಿದೆ ಎಂದರ್ಥ. ಆರು ತಿಂಗಳಿಗೆ, ವರ್ಷಕ್ಕೆ ಒಂದೇ ಲ್ಯಾಬಿನಲ್ಲಿ, ಒಂದೇ ಬಗೆಯ ಪರೀಕ್ಷೆ ಮಾಡಿಸಿ, ಆ ಚೀಟಿಗಳನ್ನು ಡಿಸ್ಚಾರ್ಜ್ ಕಾರ್ಡಿನ ಜೊತೆ ಹೊಲದ ಉತಾರ ಇಡುವ ಪೆಟ್ಟಿಗೆಯಲ್ಲೇ ಇಟ್ಟುಕೊಳ್ಳುವುದು ಒಳ್ಳೆಯದು.